ಬೀಗರ ಭಾಷಣ ಸಾಕು, ಯಾದಿ ಬರೆಯಿರಿ

ನನ್ನ ತವರು ಕರ್ನಾಟಕದ ಬಬಲೇಶ್ವರದ ಕಡೆ. ಗಂಡನ ಮನೆ ಮಹಾರಾಷ್ಟ್ರದ ಜತ್ತ ತಾಲೂಕಿನ ಪೂರ್ವ ಭಾಗ, ಉಮದಿ ಸಮೀಪದ ಒಂದು ಹಳ್ಳಿ. ಮದುವೆಯಾಗಿ ಬಂದಾಗ ಎರಡೂ ಊರು ಅಕ್ಕತಂಗಿಯರ ಹಾಗಿದ್ದವು. ಅದೇ ಬಿಳಿಜೋಳ, ಅದೇ ಬಿಸಿಲು, ಅದೇ ಬತ್ತಿದ ಬಾವಿ. ಈಗ ತವರಿಗೆ ಹೋದರೆ ಅಣ್ಣನ ಹೊಲದ ಮಗ್ಗುಲಲ್ಲಿ ಕಾಲುವೆಯ ನೀರಿನ ಸಪ್ಪಳ. ತಿರುಗಿ ಬಂದರೆ, ಬೇಸಿಗೆಯಾದರೆ, ಟ್ಯಾಂಕರಿನ ದಾರಿ ನೋಡುವ ಕೊಡಗಳ ಸಾಲು. ನಡುವೆ ಇರುವುದು ಒಂದು ರಾಜ್ಯದ ಗಡಿ. ಬಸ್ಸಿನಲ್ಲಿ ತೂಕಡಿಸಿದರೆ ಅದು ದಾಟಿದ್ದೂ ಗೊತ್ತಾಗುವುದಿಲ್ಲ.

ಚಿಕ್ಕವಳಿದ್ದಾಗ ಅವ್ವ 'ಡೋಣಿ ಹರಿದರ ಓಣಿಯೆಲ್ಲ ಜೋಳ' ಅನ್ನುತ್ತಿದ್ದಳು. ಡೋಣಿ ನದಿ ಹುಟ್ಟುವುದು ಜತ್ತ ತಾಲೂಕಿನಲ್ಲಿ ಎಂದು ತಿಳಿದದ್ದು ನಾನು ಇಲ್ಲಿಗೆ ಸೊಸೆಯಾಗಿ ಬಂದ ಮೇಲೆ. ಅದು ಇಲ್ಲಿ ಹುಟ್ಟಿ ವಿಜಯಪುರ ಜಿಲ್ಲೆಗೆ ಹರಿದು ಅಲ್ಲಿ ಹೆಸರು ಮಾಡಿತು. ನಾನು ಅಲ್ಲಿ ಹುಟ್ಟಿ ಇಲ್ಲಿಗೆ ಬಂದೆ. ಜಿಲ್ಲಾ ಪರಿಷತ್ತಿನ ಕನ್ನಡ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತಳಾದೆ. ನಾನು ಕಲಿಸಿದ ಕನ್ನಡ ಪುಸ್ತಕಗಳನ್ನು ಅಚ್ಚು ಹಾಕಿಸುತ್ತಿದ್ದದ್ದು ಪುಣೆಯ ಬಾಲಭಾರತಿ. ಸುತ್ತೋಲೆ ಮರಾಠಿಯಲ್ಲಿ ಬರುತ್ತಿತ್ತು, ಮಕ್ಕಳು ಅಳುತ್ತಿದ್ದದ್ದು ಕನ್ನಡದಲ್ಲಿ. ಇದರಲ್ಲಿ ಯಾರಿಗೂ ತೊಡಕಿರಲಿಲ್ಲ. ತೊಡಕು ಶುರುವಾಗುವುದು ದೊಡ್ಡವರು ವೇದಿಕೆ ಹತ್ತಿದಾಗ.

2019ರ ಅಕ್ಟೋಬರಿನಲ್ಲಿ ಮಹಾರಾಷ್ಟ್ರ ವಿಧಾನಸಭೆಗೆ ಚುನಾವಣೆ. ಆಗ ಕರ್ನಾಟಕದ ಮುಖ್ಯಮಂತ್ರಿಯಾಗಿದ್ದ ಬಿ.ಎಸ್. ಯಡಿಯೂರಪ್ಪ ಪ್ರಚಾರಕ್ಕೆ ನಮ್ಮ ಜತ್ತ ಕಡೆ ಬಂದರು. ತುಬಚಿ–ಬಬಲೇಶ್ವರ ಏತ ನೀರಾವರಿಯ ನೀರನ್ನು ಜತ್ತಕ್ಕೂ ಬಿಡುತ್ತೇವೆ ಎಂದು ಮಾತು ಕೊಟ್ಟರು. ಸಭೆಯಿಂದ ಬಂದ ನನ್ನ ಮೈದುನ ಚಪ್ಪಲಿ ಬಿಡುವುದಕ್ಕೆ ಮೊದಲೇ, 'ವೈನಿ, ನಿಮ್ಮ ತವರಮನಿ ನೀರು ಬರತೈತಿ' ಅಂದ. ಆ ರಾತ್ರಿ ನನಗೆ ಸ್ವಲ್ಪ ಬೀಗಿದ ಹಾಗಾದದ್ದು ನಿಜ, ಸುಳ್ಳು ಯಾಕೆ ಹೇಳಲಿ. ಮರುದಿನದಿಂದ ಬೆಂಗಳೂರಿನಲ್ಲಿ ವಿರೋಧ ಪಕ್ಷದವರು ಹರಿಹಾಯ್ದರು. ಆಮೇಲೆ, ಪುಕ್ಕಟೆ ಏನಲ್ಲ, ಬೇಸಿಗೆಯಲ್ಲಿ ಮಹಾರಾಷ್ಟ್ರ ಕೊಯ್ನಾದಿಂದ ಕೃಷ್ಣೆಗೆ ಬಿಡುವ ನೀರಿಗೆ ಬದಲಿಯಾಗಿ ಕೊಡುವುದು ಎಂಬ ವಿವರಣೆ ಬಂತು. ಆ ವಿವರಣೆಯೇ ಅಸಲು ಮಾತಾಗಿತ್ತು. ವೇದಿಕೆಯ ಮೇಲೆ ಅದು ಯಾರ ಕಿವಿಗೂ ಬಿದ್ದಿರಲಿಲ್ಲ. ಚುನಾವಣೆ ಮುಗಿಯಿತು, ಮಾತೂ ಮುಗಿಯಿತು.

ಮೂರು ವರ್ಷ ಕಳೆಯಿತು. 2022ರ ನವೆಂಬರಿನಲ್ಲಿ ಕರ್ನಾಟಕದ ಆಗಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ, ಜತ್ತ ತಾಲೂಕಿನ 40 ಹಳ್ಳಿಗಳು ಕರ್ನಾಟಕಕ್ಕೆ ಸೇರುವುದಾಗಿ ಠರಾವು ಮಾಡಿವೆ, ಅದನ್ನು ಗಂಭೀರವಾಗಿ ಪರಿಗಣಿಸುತ್ತೇವೆ ಅಂದರು. ಮಹಾರಾಷ್ಟ್ರದ ಆಗಿನ ಉಪಮುಖ್ಯಮಂತ್ರಿ ದೇವೇಂದ್ರ ಫಡಣವೀಸರು, ಅದು 2012ರ ಹಳೆಯ ಠರಾವು, ಒಂದು ಹಳ್ಳಿಯೂ ಎಲ್ಲಿಗೂ ಹೋಗುವುದಿಲ್ಲ ಅಂದರು. ಟೀವಿಯವರು ಬಂದರು. ಅವು ಛಟ್ಟಿ ಅಮಾವಾಸ್ಯೆಯ ದಿನಗಳು. ನಮ್ಮ ತಾಲೂಕಿನ ಗುಡ್ಡಾಪುರದ ದಾನಮ್ಮ ದೇವಿಯ ಜಾತ್ರೆಗೆ ವಿಜಯಪುರದ ಕಡೆಯಿಂದ ಜನ ಪಾದಯಾತ್ರೆಯಲ್ಲಿ ಬರುವ ಹೊತ್ತು. ದಾರಿಯುದ್ದಕ್ಕೂ ನಮ್ಮವರು ಅವರಿಗೆ ನೀರು, ಚಹಾ, ರೊಟ್ಟಿ ಕೊಡುತ್ತಾರೆ. ಟ್ಯಾಂಕರಿಗೆ ಕಾಯುವ ಊರಿನವರು ದಾರಿಹೋಕರಿಗೆ ನೀರು ಕೊಡುವ ವಾರದಲ್ಲೇ ಎರಡು ಸರ್ಕಾರಗಳು ನಮ್ಮ ಹೆಸರು ಹಿಡಿದು ಜಗಳಕ್ಕೆ ನಿಂತಿದ್ದವು. ಬಸ್ಸುಗಳಿಗೆ ಮಸಿ ಬಳಿದರು, ಕಲ್ಲು ತೂರಿದರು, ಓಡಾಟ ನಿಂತಿತು. ವಿಜಯಪುರದ ದವಾಖಾನೆಯಲ್ಲಿ ತಾರೀಕು ತೆಗೆದುಕೊಂಡಿದ್ದ ನಮ್ಮ ಓಣಿಯ ಮುದುಕಿಯೊಬ್ಬಳು ನನ್ನನ್ನು ಕೇಳಿದಳು: 'ಬಾಯಾರ, ನಾವೇನ ಮಾಡೀವಿ ಅವರಿಗೆ?'

ಆ ಠರಾವಿನ ಬಗ್ಗೆ ಒಂದು ಮಾತು ಹೇಳಲೇಬೇಕು. ಅದು ಕರ್ನಾಟಕದ ಮೇಲಿನ ಮೋಹಕ್ಕೆ ಹುಟ್ಟಿದ್ದಲ್ಲ, ಮಹಾರಾಷ್ಟ್ರದ ಮೇಲಿನ ಸಿಟ್ಟಿಗೂ ಅಲ್ಲ. ನೀರು ಕೊಡದಿದ್ದರೆ ಆಚೆ ಹೋಗುತ್ತೇವೆ ಎಂಬುದು ಸಿಟ್ಟಿಗೆದ್ದ ಸೊಸೆ ತವರಿಗೆ ಹೋಗುತ್ತೇನೆ ಎಂದು ಗಂಟು ಕಟ್ಟಿದ ಹಾಗೆ. ಗಂಟು ಕಟ್ಟಿದಾಗ ಅತ್ತೆ ಮನೆಯವರು ಗಾಬರಿಯಾಗಿ ಯಾಕವ್ವ ಎಂದು ಕೇಳಬೇಕು, ತವರಿನವರು ಮಗಳಿಗೆ ಏನು ಕಡಿಮೆಯಾಗಿದೆ ಎಂದು ವಿಚಾರಿಸಬೇಕು. ಇಲ್ಲಿ ಒಬ್ಬರು ಸೊಸೆ ನಮ್ಮವಳು ಅಂದರು, ಇನ್ನೊಬ್ಬರು ಮಗಳು ನಮ್ಮವಳು ಅಂದರು. ಯಾಕೆ ಎಂದು ಕೇಳಿದವರು ಕಡಿಮೆ.

ಆದರೂ ಆ ಗದ್ದಲದಿಂದ ಲಾಭವಾಗಲಿಲ್ಲ ಅನ್ನಲಾರೆ. ಡಿಸೆಂಬರಿನ ಶುರುವಿಗೆ ತುಬಚಿ–ಬಬಲೇಶ್ವರದ ನೀರು ಗಡಿ ದಾಟಿ ನಮ್ಮ ತಾಲೂಕಿನ ತಿಕ್ಕೊಂಡಿ ಕೆರೆಗೆ ಬಂತು. ಅತ್ತ ಮುಂಬಯಿ ಸರ್ಕಾರ, ಮಿರಜ ತಾಲೂಕಿನ ಮ್ಹೈಸಾಳದಲ್ಲಿ ಕೃಷ್ಣೆಯ ನೀರೆತ್ತುವ ಯೋಜನೆಯನ್ನು ಜತ್ತದ ಪೂರ್ವಕ್ಕೂ ಚಾಚಲು ಸುಮಾರು 2,000 ಕೋಟಿ ರೂಪಾಯಿಯ ಮಾತಾಡಿತು. ಎಷ್ಟೋ ವರ್ಷ ಅರ್ಜಿ ಹಿಡಿದು ಓಡಾಡಿದಾಗ ಆಗದ್ದು ಹದಿನೈದು ದಿನದ ಜಗಳದಲ್ಲಿ ಆಯಿತು. ನನಗೆ ಖುಷಿಯಾಗಬೇಕಿತ್ತು. ಹೊಟ್ಟೆಯಲ್ಲಿ ಒಂಥರಾ ಸಂಕಟವೇ ಆಯಿತು. ಮುಂದಿನ ಬರಗಾಲಕ್ಕೆ ಮತ್ತೆ ಯಾವ ಬಸ್ಸಿಗೆ ಕಲ್ಲು ಬೀಳಬೇಕು?

ತವರಿಗೆ ಹೋದಾಗ ಅಣ್ಣನ ಹತ್ತಿರ ಈ ಮಾತು ತೆಗೆದೆ. ಅವನೂ ರೈತ, ಅವನದೂ ನ್ಯಾಯ. 'ಬ್ಯಾಸಗಿಯಾಗ ಜಮಖಂಡಿ ಕಡೆ ಹೊಳಿ ಒಣಗತೈತಿ. ನಿಮ್ಮ ಸರ್ಕಾರ ಕೊಯ್ನಾ ನೀರು ಬಿಡು ಅಂದ್ರ ವರ್ಷಾ ಕೈಮುಗೀಬೇಕು. ನಾವ್ಯಾಕ ಬಿಡಬೇಕು?' ಅಂದ. 'ನಿನ್ನ ತಂಗಿ ಮನಿ ಅಣ್ಣಾ' ಅಂದೆ. 'ತಂಗಿಗೆ ಕೊಡತೀನವ್ವ. ಮಹಾರಾಷ್ಟ್ರಕ್ಕ ಹ್ಯಾಂಗ ಕೊಡ್ಲಿ?'

ಅವನು ಹೇಳಿದ್ದರಲ್ಲಿ ಸುಳ್ಳಿಲ್ಲ. 2023ರ ಮೇ 31ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಮಹಾರಾಷ್ಟ್ರದ ಮುಖ್ಯಮಂತ್ರಿ ಏಕನಾಥ ಶಿಂದೆಯವರಿಗೆ ಪತ್ರ ಬರೆದು, ವಾರಣಾ–ಕೊಯ್ನಾದಿಂದ ಕೃಷ್ಣೆಗೆ 2 ಟಿಎಂಸಿ, ಉಜನಿಯಿಂದ ಭೀಮೆಗೆ 3 ಟಿಎಂಸಿ ನೀರು ಬಿಡಿ ಎಂದು ಕೇಳಿದ್ದರು. ಬೇಸಿಗೆ ಮುಗಿಯುವ ಹೊತ್ತಿಗೆ, ಜನಜಾನುವಾರುಗಳ ಕುಡಿಯುವ ನೀರಿಗಾಗಿ, ಒಂದು ರಾಜ್ಯ ಇನ್ನೊಂದಕ್ಕೆ ಬರೆಯುವ ಪತ್ರ. ಮಳೆಗಾಲದಲ್ಲಿ ಸಾಂಗಲಿಗೆ ಪ್ರವಾಹ ಬಂದರೆ ಇಲ್ಲಿಯವರು ಆಲಮಟ್ಟಿಯತ್ತ ಬೆರಳು ತೋರಿಸುತ್ತಾರೆ. ಬೇಸಿಗೆಯಲ್ಲಿ ಅಲ್ಲಿಯವರು ಕೊಯ್ನೆಯತ್ತ ಕೈಯೊಡ್ಡುತ್ತಾರೆ. ಒಂದೇ ಹೊಳೆ, ಋತುವಿಗೊಂದು ದೂರು.

ದೇಶ ದೇಶಗಳ ನಡುವೆ ಇದಕ್ಕಿಂತ ದೊಡ್ಡ ಭಾಷಣಗಳು ಆಗುತ್ತವೆ. ನಮ್ಮ ಪ್ರಧಾನಿ ಢಾಕಾಕ್ಕೆ ಹೋದಾಗ, ಬಾಂಗ್ಲಾದೇಶದ ಪ್ರಧಾನಿ ದಿಲ್ಲಿಗೆ ಬಂದಾಗ ಗೆಳೆತನ, ಸೋದರತ್ವದ ಮಾತಿಗೆ ಕೊರತೆ ಇರುವುದಿಲ್ಲ. ಆದರೆ 1996ರ ಡಿಸೆಂಬರ್ 12ರಂದು ದಿಲ್ಲಿಯಲ್ಲಿ ನಮ್ಮ ಎಚ್.ಡಿ. ದೇವೇಗೌಡರು ಶೇಖ್ ಹಸೀನಾ ಅವರೊಂದಿಗೆ ಗಂಗಾ ನೀರಿನ ಒಪ್ಪಂದಕ್ಕೆ ಸಹಿ ಹಾಕಿದರಲ್ಲ, ಅದರಲ್ಲಿ ಭಾಷಣ ಕಡಿಮೆ, ಲೆಕ್ಕ ಜಾಸ್ತಿ. ಜನವರಿ 1ರಿಂದ ಮೇ 31ರವರೆಗೆ, ಹತ್ತು ಹತ್ತು ದಿನಕ್ಕೊಮ್ಮೆ ಫರಕ್ಕಾದ ನೀರಿನ ಪಾಲು. 70,000 ಕ್ಯೂಸೆಕ್ ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಇಬ್ಬರಿಗೂ ಅರ್ಧರ್ಧ. ಹೊಲಮನೆಯ ಲೆಕ್ಕ ಬಲ್ಲವರೇ ಬರೆಯಬಹುದಾದ ಕಾಗದ ಅದು. ನದಿ ಹಾಯುವ ಪಶ್ಚಿಮ ಬಂಗಾಳದ ಆಗಿನ ಮುಖ್ಯಮಂತ್ರಿ ಜ್ಯೋತಿ ಬಸು ಆ ಮಾತುಕತೆಗೆ ಹೆಗಲು ಕೊಟ್ಟಿದ್ದರು. ಅದರ ಅವಧಿ 30 ವರ್ಷ, 2026ರ ಡಿಸೆಂಬರಿಗೆ ಮುಗಿಯುವಂಥದ್ದು. 2011ರಲ್ಲಿ ತೀಸ್ತಾ ನದಿಗೆ ಹೀಗೇ ಬರೆಯಹೊರಟಾಗ ಅದೇ ಬಂಗಾಳದ ಮಮತಾ ಬ್ಯಾನರ್ಜಿ ಒಪ್ಪಲಿಲ್ಲ, ಮನಮೋಹನ ಸಿಂಗರು ಢಾಕಾದಿಂದ ತೀಸ್ತಾ ಒಪ್ಪಂದವಿಲ್ಲದೆ ಬಂದರು. ಹೊಳೆಯ ದಂಡೆಯವರನ್ನು ಬಿಟ್ಟು ಮಾಡಿದ ಬೀಗತನ ಹಾಗೇ ಆಗುತ್ತದೆ. 2015ರಲ್ಲಿ ಇವೇ ಎರಡು ದೇಶಗಳು ಒಬ್ಬರ ನೆಲದೊಳಗೆ ಸಿಕ್ಕಿಕೊಂಡಿದ್ದ ಇನ್ನೊಬ್ಬರ 162 ತುಂಡುಗಳನ್ನು ಅದಲುಬದಲು ಮಾಡಿಕೊಂಡವು. ಯಾವ ದೇಶದವರಾಗುತ್ತೀರಿ ಎಂದು ಅಲ್ಲಿಯ ಜನರನ್ನೇ ಕೇಳಿದರು. ಒಂದೇ ದೇಶದ ನಾವು ಮಾತ್ರ ಇನ್ನೂ ಗಡಿಯ ಬಗೆಗಿನ 1967ರ ಮಹಾಜನ ವರದಿ ಹಿಡಿದುಕೊಂಡು, 2004ರಲ್ಲಿ ಹೂಡಿದ ದಾವೆಯ ತೀರ್ಪಿಗೆ ಕಾಯುತ್ತಿದ್ದೇವೆ.

ಗಡಿ ಎಲ್ಲಿರಬೇಕೋ ಕೋರ್ಟು ಹೇಳಲಿ. ನೀರಿಗೆ ಅಲ್ಲಿಯತನಕ ಕಾಯುವುದು ಯಾಕೆ? ತುಬಚಿಯಿಂದ ಜತ್ತಕ್ಕೆ ಯಾವ ತಿಂಗಳು ಎಷ್ಟು, ಕೊಯ್ನಾದಿಂದ ಕೃಷ್ಣೆಗೆ ಮಾರ್ಚ್‌ನಿಂದ ಮೇವರೆಗೆ ಎಷ್ಟು, ಅಳೆಯುವವರು ಯಾರು, ತಪ್ಪಿದರೆ ಯಾರನ್ನು ಕೇಳಬೇಕು ಎಂದು ಒಂದು ಹಾಳೆಯ ಮೇಲೆ ಬರೆದು ಎರಡೂ ಮುಖ್ಯಮಂತ್ರಿಗಳು ಸಹಿ ಹಾಕಲಿ. ಬರೆಯುವಾಗ ಉಮದಿ, ಸಂಖ, ತಿಕ್ಕೊಂಡಿಯ ಇಬ್ಬರನ್ನು, ಜಮಖಂಡಿ, ಬಬಲೇಶ್ವರದ ಇಬ್ಬರನ್ನು ಹತ್ತಿರ ಕೂರಿಸಿಕೊಳ್ಳಲಿ. ಆಮೇಲೆ ಯಾವ ಪಕ್ಷದ ಯಾವ ನಾಯಕರಾದರೂ ಬಂದು ಮೈತ್ರಿಯ ಬಗ್ಗೆ ಎಷ್ಟು ಹೊತ್ತಾದರೂ ಮಾತಾಡಲಿ, ನಾನೇ ಮುಂದಿನ ಸಾಲಿನಲ್ಲಿ ಕೂತು ಕೇಳುತ್ತೇನೆ.

ನಮ್ಮ ಕಡೆ ಮದುವೆ ಗೊತ್ತಾದಾಗ ಯಾದಿ ಮಾಡುತ್ತಾರೆ. ಯಾರು ಏನು ಕೊಡಬೇಕು, ಯಾವಾಗ ಕೊಡಬೇಕು ಎಂದು ಹಿರಿಯರ ಮುಂದೆ ಬರೆದು ಎರಡೂ ಮನೆಯವರು ಒಂದೊಂದು ಪ್ರತಿ ಇಟ್ಟುಕೊಳ್ಳುವುದು. ನನ್ನ ಮದುವೆಯ ಯಾದಿ ಇನ್ನೂ ಟ್ರಂಕಿನಲ್ಲಿದೆ. 'ತಾಮ್ರದ ಹಂಡೆ ಎರಡು' ಎಂದು ಅಪ್ಪನ ಅಕ್ಷರದಲ್ಲಿದೆ. ಆ ವರ್ಷ ಬರ, ಅಪ್ಪ ಒಂದೇ ತಂದಿದ್ದ. ಮಾವನವರು ಜಗಳ ಮಾಡಲಿಲ್ಲ, ಭಾಷಣವನ್ನೂ ಮಾಡಲಿಲ್ಲ. ಮುಂದಿನ ಪಂಚಮಿಗೆ ಅಪ್ಪ ನನ್ನನ್ನು ಕರೆಯಲು ಬಂದಾಗ ಯಾದಿ ತೆಗೆದು ಆ ಸಾಲಿನ ಮೇಲೆ ಬೆರಳಿಟ್ಟು, 'ಬೀಗರ, ಇದೊಂದು ಉಳದೈತಿ' ಎಂದರು. ಹಬ್ಬ ಮುಗಿಸಿ ಬರುವಾಗ ಎರಡನೆಯ ಹಂಡೆ ನನ್ನ ಜೊತೆಗೇ ಬಸ್ಸು ಹತ್ತಿತು. ಎರಡೂ ಈಗ ನಮ್ಮ ಹಿತ್ತಲಿನಲ್ಲಿವೆ. ಟ್ಯಾಂಕರ್ ಬಂದ ದಿನ ಮೊದಲು ತುಂಬುವುದು ಅವನ್ನೇ.