ಎಣಿಸುವ ಮಷೀನು ಬಂತು, ಎತ್ತುವ ಮಷೀನು ಎಲ್ಲಿ?



ಪೇಪರು ಬಿಚ್ಚಿದರೆ ಟೆಕ್ನಾಲಜಿ, ಟಿವಿ ಹಚ್ಚಿದರೆ ಟೆಕ್ನಾಲಜಿ. ಚಿಪ್ಪಿನ ಕಾರ್ಖಾನೆ ಯಾವ ರಾಜ್ಯಕ್ಕೆ ಹೋಯಿತು, ಡೇಟಾ ಸೆಂಟರು ಯಾರ ಪಾಲಾಯಿತು, ಎಐ ಯಾರ ನೌಕರಿ ತಿನ್ನುತ್ತದೆ. ವಾಡಿಯ ಚಹದಂಗಡಿಯಲ್ಲೂ ಇದೇ ಮಾತು. ‘ಎಐ ಬಂದ್ರ ಕೂಲಿ ಮಂದೀದು ಏನ್ ಹೋಗ್ತದ? ಪುಟ್ಟಿ ಹೊರಾಕ ಅದು ಬರ್ತದೇನು?’ ಅಂತ ಯಾರಾದರೂ ಕೇಳಿದರೆ ಕೂತವರೆಲ್ಲ ನಗುತ್ತಾರೆ. ನಾವೂ ನಗುತ್ತೇವೆ. ನಕ್ಕ ಮೇಲೆ ಯೋಚನೆ ಮಾಡಬೇಕು. ಪುಟ್ಟಿ ಹೊರುವ ಮಷೀನು ನಮ್ಮ ಕಡೆ ಯಾಕೆ ಬರಲಿಲ್ಲ? ಪುಟ್ಟಿ ಹೊರುವವರು ಎಷ್ಟು ಹೊತ್ತಿಗೆ ಬಂದರು, ಎಷ್ಟು ಹೊತ್ತಿಗೆ ಹೋದರು ಅಂತ ನೋಡುವ ಮಷೀನು ಮಾತ್ರ ಇಷ್ಟು ಲಗೂ ಹ್ಯಾಂಗೆ ಬಂತು?

ಮೊದಲು ದೊಡ್ಡವರ ಸುದ್ದಿ ನೋಡೋಣ. 2025ರ ಅಕ್ಟೋಬರ್ 14ರಂದು ಗೂಗಲ್ ಕಂಪನಿ ವಿಶಾಖಪಟ್ಟಣದಲ್ಲಿ ಐದು ವರ್ಷಕ್ಕೆ 1,500 ಕೋಟಿ ಡಾಲರ್ ಹಾಕಿ ಎಐ ಕೇಂದ್ರ ಕಟ್ಟುತ್ತೇವೆ ಎಂದು ಹೇಳಿತು. ಆಂಧ್ರದ ಮಂತ್ರಿ ನಾರಾ ಲೋಕೇಶ್ ತಮ್ಮ ಕಡೆಯ ಅಡುಗೆಯ ಖಾರದ ಮಾತೆತ್ತಿ ನೆರೆಯವರನ್ನು ಚುಚ್ಚಿದರು. ನಮ್ಮ ಐಟಿ-ಬಿಟಿ ಮಂತ್ರಿ ಪ್ರಿಯಾಂಕ್ ಖರ್ಗೆ ಅವರು, ಇದಕ್ಕಾಗಿ ಆಂಧ್ರ ₹22,000 ಕೋಟಿ ರಿಯಾಯಿತಿ ಕೊಟ್ಟಿದೆ, ಅದನ್ನೂ ಹೇಳಿ ಎಂದು ತಿರುಗೇಟು ಕೊಟ್ಟರು. ಅದೇ ತಿಂಗಳು ಚಿಪ್ ಕಾರ್ಖಾನೆಗಳು ಗುಜರಾತಿಗೂ ಅಸ್ಸಾಮಿಗೂ ಹೋದದ್ದರ ಬಗ್ಗೆ ಅವರಿಗೂ ಅಸ್ಸಾಮಿನ ಮುಖ್ಯಮಂತ್ರಿಗೂ ಜಗಳ ಹತ್ತಿತು. ಪೇಪರಿನವರಿಗೆ ಒಂದು ತಿಂಗಳು ಹಬ್ಬ.

ರಿಯಾಯಿತಿಯ ಪ್ರಶ್ನೆ ಸರಿಯಾದ ಪ್ರಶ್ನೆ. ಮಷೀನು ಬರುವಾಗ ಯಾರ ರೊಕ್ಕದಲ್ಲಿ ಬಂತು, ಯಾರಿಗಾಗಿ ಬಂತು ಅಂತ ಕೇಳಲೇಬೇಕು. ಆದರೆ ಅದನ್ನು ವಿಶಾಖಪಟ್ಟಣಕ್ಕೆ ಕೇಳಿ ಸುಮ್ಮನಾದರೆ ಹ್ಯಾಂಗೆ? ಖರ್ಗೆ ಅವರು ಗೆದ್ದು ಬಂದದ್ದು ನಮ್ಮ ಚಿತ್ತಾಪುರದಿಂದ, ಅದೂ ಮೀಸಲು ಕ್ಷೇತ್ರದಿಂದ. 2023ರಲ್ಲಿ ಐಟಿ-ಬಿಟಿ ಖಾತೆಯ ಜೊತೆಗೇ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಖಾತೆಯೂ ಅವರಿಗೇ ಬಂತು. ಒಂದು ಕೈಯಲ್ಲಿ ಕಂಪ್ಯೂಟರು, ಇನ್ನೊಂದು ಕೈಯಲ್ಲಿ ಪಂಚಾಯ್ತಿ. ಹಾಗಾಗಿ ಅದೇ ಪ್ರಶ್ನೆಯನ್ನು ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿಯ ಓಣಿಗಳಲ್ಲಿ ನಿಂತು ಕೇಳುವ ಹಕ್ಕು ನಮಗಿದೆ.

ನಮ್ಮ ಓಣಿಗೆ ಟೆಕ್ನಾಲಜಿ ಹ್ಯಾಂಗೆ ಬಂತು, ಲೆಕ್ಕ ಹಾಕೋಣ.

ಉದ್ಯೋಗ ಖಾತ್ರಿ ಕಾಯ್ದೆ 2005ರದ್ದು. 2006ರಲ್ಲಿ ಮೊದಲ ಕಂತಿನಲ್ಲಿ ಹಿಡಿದ ದೇಶದ 200 ಜಿಲ್ಲೆಗಳಲ್ಲಿ ನಮ್ಮ ಕಲಬುರಗಿಯೂ ಒಂದು. ಅಂದರೆ ಬಡತನದ ಪಟ್ಟಿಯಲ್ಲಿ ನಾವು ಮೊದಲಿನ ಸಾಲಿನವರು. ಈ ಕೆಲಸಕ್ಕೆ 2023ರ ಜನವರಿ 1ರಿಂದ ಮೊಬೈಲ್ ಹಾಜರಿ ಕಡ್ಡಾಯ ಆಯಿತು. ಎನ್‌ಎಂಎಂಎಸ್ ಅಂತ ಅದರ ಹೆಸರು. ಬೆಳಿಗ್ಗೆ ಒಂದು ಫೋಟೋ, ಮಧ್ಯಾಹ್ನದ ಮೇಲೆ ಒಂದು ಫೋಟೋ, ನಿಂತ ಜಾಗದ ಗುರುತಿನ ಸಮೇತ. ಮೊದಲೆಲ್ಲ ತನ್ನ ಪಾಲಿನ ಗುಂಡಿ ತೋಡಿ ಮುಗಿಸಿದ ಹೆಣ್ಣುಮಗಳು ಬಿಸಿಲೇರುವ ಮುಂಚೆ ಮನೆಗೆ ಹೋಗಿ ಕೂಸಿಗೆ ಹಾಲು ಕುಡಿಸುತ್ತಿದ್ದಳು. ಕೆಲಸ ಅಳತೆಯ ಮೇಲೆ, ಅಳತೆ ಮುಗಿದರೆ ದಿನ ಮುಗಿಯಿತು. ಫೋಟೋ ಬಂದ ಮೇಲೆ ಕೆಲಸ ಮುಗಿದರೂ ಆಕೆ ಎರಡನೇ ಫೋಟೋಕ್ಕಾಗಿ ಕಾಯಬೇಕು. ಚಿಂಚೋಳಿಯ ಗುಡ್ಡದ ಬದಿಯ ತಾಂಡಾದಲ್ಲಿ ಸಿಗ್ನಲ್ ಸಿಗದಿದ್ದರೆ ಕಾಯಕ ಬಂಧು ಮೊಬೈಲು ಎತ್ತಿ ಹಿಡಿದು ದಿಬ್ಬ ಹತ್ತಬೇಕು. ಫೋಟೋ ಹತ್ತಲಿಲ್ಲ ಅಂದರೆ ಹಾಜರಿ ಇಲ್ಲ, ಹಾಜರಿ ಇಲ್ಲ ಅಂದರೆ ಕೂಲಿ ಇಲ್ಲ. 2025-26ರಲ್ಲಿ ಕರ್ನಾಟಕದ ಖಾತ್ರಿ ಕೂಲಿ ದಿನಕ್ಕೆ ₹370. ಇಷ್ಟು ರೊಕ್ಕಕ್ಕೆ ಎರಡು ಸಲ ಮುಖ ತೋರಿಸಬೇಕು.

ಸರಿ, ಕಳ್ಳತನವಾದರೂ ನಿಂತಿತೇ? 2025ರ ಜುಲೈ 8ರಂದು ಕೇಂದ್ರದ ಗ್ರಾಮೀಣಾಭಿವೃದ್ಧಿ ಇಲಾಖೆಯೇ ರಾಜ್ಯಗಳಿಗೆ ಪತ್ರ ಬರೆಯಿತು. ಕೆಲಸಕ್ಕೆ ಸಂಬಂಧವೇ ಇಲ್ಲದ ಫೋಟೋ ಹಾಕುತ್ತಿದ್ದಾರೆ, ಫೋಟೋದ ಫೋಟೋ ಹೊಡೆದು ಹಾಕುತ್ತಿದ್ದಾರೆ, ಒಂದೇ ಮುಖ ಎರಡು ಮೂರು ಹಾಜರಿಯಲ್ಲಿ ಬರುತ್ತಿದೆ ಎಂದು ಅವರೇ ಒಪ್ಪಿಕೊಂಡರು. ಮದ್ದು ಏನೆಂದರೆ, ಪಂಚಾಯ್ತಿಯ ನೌಕರರು ಕೂತು ಒಂದೊಂದು ಫೋಟೋವನ್ನೂ ಕಣ್ಣಿಂದ ನೋಡಬೇಕು. ಮನುಷ್ಯರನ್ನು ನಂಬದೆ ಮಷೀನು ತಂದರು, ಮಷೀನನ್ನು ನಂಬದೆ ಮತ್ತೆ ಮನುಷ್ಯರನ್ನು ಕೂಡಿಸಿದರು. ಕಳ್ಳ ಗುತ್ತಿಗೆದಾರ ಫೋಟೋದ ಫೋಟೋ ಹೊಡೆದು ದಾಟಿಕೊಂಡ. ಬಿಸಿಲಲ್ಲಿ ನಿಂತವರು ಪ್ರಾಮಾಣಿಕರು.

ಇನ್ನು ಹೆಬ್ಬಟ್ಟಿನ ಕತೆ. ನಮ್ಮ ಅಜ್ಜಂದಿರು ಸಾವಕಾರನ ಕಾಗದಕ್ಕೆ ಹೆಬ್ಬಟ್ಟು ಒತ್ತಿ ಹೊಲ ಕಳಕೊಂಡವರು. ಹೆಬ್ಬಟ್ಟು ಅಂದರೆ ನಮಗೆ ಅವಮಾನದ ಗುರುತು. ಬಾಬಾಸಾಹೇಬರ ಮಾತು ಹಿಡಿದು ಅಕ್ಷರ ಕಲಿತೆವು, ರುಜು ಹಾಕುವುದು ಕಲಿತೆವು. ಈಗ ಎಂ.ಎ. ಓದಿದ ನಮ್ಮ ಹುಡುಗನೂ ನ್ಯಾಯಬೆಲೆ ಅಂಗಡಿಯಲ್ಲಿ ಅಕ್ಕಿಗಾಗಿ ಮಷೀನಿನ ಮೇಲೆ ಹೆಬ್ಬಟ್ಟು ಇಡಬೇಕು. ಶಹಾಬಾದದ ಖಣಿಯಲ್ಲಿ ಹುಟ್ಟಿದಾಗಿಂದ ಫರಸಿ ಎಬ್ಬಿಸಿದ ಮುದುಕನ ಬೆರಳಿನಲ್ಲಿ ಗೆರೆ ಎಲ್ಲಿ ಉಳಿದಾವು? ಸುಣ್ಣ, ಸಿಮೆಂಟು, ಕಲ್ಲು ಸೇರಿ ತಿಂದು ಹಾಕಿವೆ. ಮಷೀನು ‘ಇವನು ಅವನಲ್ಲ’ ಅನ್ನುತ್ತದೆ. ದುಡಿದ ಗುರುತೇ ಅವನಿಗೆ ಮುಳುವು. 2025ರ ಜುಲೈಯಿಂದ ಅಂಗನವಾಡಿಯಲ್ಲಿ ಬಸುರಿ ಬಾಣಂತಿಯರು ಮನೆಗೆ ಒಯ್ಯುವ ಆಹಾರಕ್ಕೂ ಮೊಬೈಲಿಗೆ ಮುಖ ತೋರಿಸುವುದು ಕಡ್ಡಾಯ ಆಯಿತು. ಬಡವರ ಬೆರಳು ಆಯಿತು, ಮುಖ ಆಯಿತು, ನಿಂತ ಜಾಗ ಆಯಿತು. ಸಾವಿರಾರು ಕೋಟಿ ರಿಯಾಯಿತಿ ಪಡೆದವರ ಮುಖ ಯಾವ ಮೊಬೈಲಿನಲ್ಲಿ ಹಿಡಿಯುತ್ತಾರೆ?

ಈಗ ಎತ್ತುವ ಮಷೀನಿನ ಮಾತು.

ಗಟಾರದ ಮ್ಯಾನ್‌ಹೋಲಿಗೆ ಮನುಷ್ಯ ಇಳಿಯದಂತೆ ಕೆಲಸ ಮಾಡುವ ರೋಬೋಟನ್ನು ಕೇರಳದ ಹುಡುಗರು ಮಾಡಿದ್ದಾರೆ. ‘ಬ್ಯಾಂಡಿಕೂಟ್’ ಅಂತ ಅದರ ಹೆಸರು. 2018ರಲ್ಲೇ ತಿರುವನಂತಪುರದಲ್ಲಿ ಅದು ಕೆಲಸಕ್ಕೆ ಇಳಿಯಿತು. ಅಂದರೆ ಬುದ್ಧಿ ಇದೆ, ಕಬ್ಬಿಣ ಇದೆ, ನಮ್ಮ ದೇಶದಲ್ಲೇ ಇದೆ. ಹಾಗಿದ್ದೂ 2019ರಿಂದ 2023ರವರೆಗೆ ಗಟಾರ ಮತ್ತು ಶೌಚದ ಗುಂಡಿ ಬಳಿಯುವಾಗ 377 ಮಂದಿ ಸತ್ತರು ಎಂದು ಸರ್ಕಾರವೇ ಸಂಸತ್ತಿಗೆ ಹೇಳಿದೆ. ಇಂಥ ಕೆಲಸ ಮಾಡುವ ಸುಮಾರು 38,000 ಮಂದಿಯ ಲೆಕ್ಕ 2024ರಲ್ಲಿ ಹೊರಗೆ ಬಂತು. ಅವರಲ್ಲಿ ನೂರಕ್ಕೆ 68ಕ್ಕಿಂತ ಹೆಚ್ಚು ಪರಿಶಿಷ್ಟ ಜಾತಿಯವರು. ಇಲ್ಲಿ ಉತ್ತರ ಸಿಕ್ಕಿತು. ಗುಂಡಿಗೆ ಇಳಿಯುವವನ ಜೀವ ಮಷೀನಿಗಿಂತ ಅಗ್ಗ ಇರುವ ತನಕ ಮಷೀನು ಯಾರು ಕೊಳ್ಳುತ್ತಾರೆ? ಆ ಜೀವವನ್ನು ಅಗ್ಗ ಮಾಡಿದ್ದು ಬಜಾರಲ್ಲ, ಜಾತಿ.

ಕಾಯ್ದೆ ಇಲ್ಲವೆ? 1993ರದ್ದು ಒಂದಿದೆ, 2013ರದ್ದು ಇನ್ನೊಂದಿದೆ. ನಮ್ಮ ಕೆಜಿಎಫ್‌ನ ಬೆಜವಾಡ ವಿಲ್ಸನ್ ಕಟ್ಟಿದ ಸಫಾಯಿ ಕರ್ಮಚಾರಿ ಆಂದೋಲನ ಕೋರ್ಟು ಹತ್ತಿ ಬಡಿದಾಡಿದ್ದಕ್ಕೆ 2014ರಲ್ಲಿ ಸತ್ತವರ ಮನೆಗೆ ₹10 ಲಕ್ಷ ಕೊಡಿ ಎಂದು ಸುಪ್ರೀಂ ಕೋರ್ಟು ಹೇಳಿತು. 2023ರ ಅಕ್ಟೋಬರಿನಲ್ಲಿ ಅದನ್ನು ₹30 ಲಕ್ಷ ಮಾಡಿತು. 2025ರ ಜನವರಿಯಲ್ಲಿ ಬೆಂಗಳೂರೂ ಸೇರಿ ಆರು ಮಹಾನಗರಗಳಲ್ಲಿ ಮನುಷ್ಯರನ್ನು ಗಟಾರಕ್ಕೆ ಇಳಿಸುವುದನ್ನು ಪೂರ್ತಿ ನಿಲ್ಲಿಸಿ ಎಂದಿತು. ಆ ಆರರಲ್ಲಿ ಶಹಾಬಾದ ಇಲ್ಲ, ಸೇಡಂ ಇಲ್ಲ. ಕಾಯ್ದೆ ಮಾತ್ರ ಎಲ್ಲ ಊರಿಗೂ ಒಂದೇ.

ಇದರಿಂದ ನಮ್ಮವರು ಕೆಲವರು, ‘ಮಷೀನೇ ಬ್ಯಾಡ, ಹಿಂದಿನ ಕಾಲವೇ ಚಲೋ ಇತ್ತು’ ಎಂಬ ಮಾತಿಗೆ ಬೀಳುತ್ತಾರೆ. ಅದು ಅಪಾಯದ ಮಾತು. ಹಿಂದಿನ ಕಾಲ ಗೌಡನಿಗೆ ಚಲೋ ಇತ್ತು. ಬಾಬಾಸಾಹೇಬರು 1945ರಲ್ಲಿ ಕಾಂಗ್ರೆಸ್ಸನ್ನೂ ಗಾಂಧಿಯವರನ್ನೂ ಪ್ರಶ್ನಿಸಿ ಬರೆದ ಪುಸ್ತಕದಲ್ಲಿ ಈ ವಾದಕ್ಕೆ ನೇರ ಉತ್ತರ ಕೊಟ್ಟಿದ್ದಾರೆ. ಮನುಷ್ಯ ಪಶುವಿನಂತೆ ದುಡಿಯುವುದು ತಪ್ಪಬೇಕಾದರೆ, ಅವನಿಗೆ ಓದಲು, ಯೋಚಿಸಲು ಬಿಡುವು ಸಿಗಬೇಕಾದರೆ ಯಂತ್ರ ಬೇಕು. ಕೆಡುಕು ಯಂತ್ರದ್ದಲ್ಲ, ಅದರ ಲಾಭವನ್ನು ಕೆಲವರೇ ಬಾಚಿಕೊಳ್ಳುವ ಸಮಾಜದ್ದು ಎಂಬುದು ಅವರ ವಾದ.

ನಮ್ಮ ನೆಲದಲ್ಲೇ ಇದಕ್ಕೆ ಸಾಕ್ಷಿ ಇದೆ. 1874ರಲ್ಲಿ ನಿಜಾಮನ ರೈಲು ಸಿಕಂದರಾಬಾದಿನಿಂದ ವಾಡಿಗೆ ಬಂತು. ಅದು ಆ ಕಾಲದ ದೊಡ್ಡ ಟೆಕ್ನಾಲಜಿ ಸುದ್ದಿ. ಹಳಿಯ ಕೆಳಗೆ ಕಲ್ಲು ಹೊತ್ತವರ ಹೆಸರು ಯಾವ ಸ್ಟೇಷನ್ನಿನ ಗೋಡೆಯ ಮೇಲೂ ಇಲ್ಲ. ಆದರೂ ಆ ರೈಲು ನಮಗೊಂದು ಬಾಗಿಲು ತೆರೆಯಿತು. ಗೌಡನ ಊರು ಬಿಟ್ಟು ಸೊಲ್ಲಾಪುರ, ಮುಂಬೈ, ಹೈದರಾಬಾದಿಗೆ ಹೋಗುವ ಬಾಗಿಲು. ಹೊರಲಿಕ್ಕೆ ಮಾತ್ರ ಕರೆದ ಮಷೀನಿನಲ್ಲಿ ನಮ್ಮವರು ಹತ್ತಿ ಕೂತರು.

ಮಷೀನಿಗಿಂತ ಮೊದಲು ಮನಸ್ಸು ಬೇಕು ಎಂಬುದಕ್ಕೂ ಸಾಕ್ಷಿ ಇದೆ. 1970ರ ದಶಕದಲ್ಲಿ ದೇವರಾಜ ಅರಸರ ಸರ್ಕಾರದಲ್ಲಿ ಮಂತ್ರಿಯಾಗಿದ್ದ ಬಿ. ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರುವುದನ್ನು ನಿಷೇಧಿಸಿದರು. ಆಗ ರೋಬೋಟು ಇರಲಿಲ್ಲ, ಎಐ ಇರಲಿಲ್ಲ. ಒಬ್ಬ ದಲಿತ ಮಂತ್ರಿಯ ಹಟ ಇತ್ತು. ರೋಬೋಟು ಇರುವ ಕಾಲದಲ್ಲಿ ಆ ಹಟ ಎಲ್ಲಿ ಹೋಯಿತು?

ಎಣಿಸುವುದೆಲ್ಲ ಕೆಟ್ಟದ್ದು ಎಂದೂ ನಾವು ಹೇಳುವುದಿಲ್ಲ. 2025ರ ಮೇ ತಿಂಗಳಲ್ಲಿ ನ್ಯಾಯಮೂರ್ತಿ ನಾಗಮೋಹನ ದಾಸ್ ಆಯೋಗ ಒಳಮೀಸಲಾತಿಗಾಗಿ ಪರಿಶಿಷ್ಟ ಜಾತಿಗಳ ಗಣತಿ ಮಾಡಿದಾಗ ಮೊಬೈಲಿನಲ್ಲೇ ನಮ್ಮನ್ನು ಎಣಿಸಿದರು. ಮೂವತ್ತು ವರ್ಷ ರಸ್ತೆಗಿಳಿದು ಕೇಳಿದ ಎಣಿಕೆ ಅದು. ಪಾಲು ಕೊಡಲು ಎಣಿಸಿದರೆ ನಾವೇ ಬಾಗಿಲು ತೆರೆದು ಕುರ್ಚಿ ಹಾಕುತ್ತೇವೆ. ಕೂಲಿ ಕಡಿಯಲು ಎಣಿಸುವವರ ಜೊತೆ ಮಾತ್ರ ನಮ್ಮ ತಕರಾರು.

ಈ ತಕರಾರು ಈಗಲೇ ಎತ್ತಬೇಕು. ಯಾಕಂದರೆ 2025ರ ಡಿಸೆಂಬರಿನಲ್ಲಿ ಸಂಸತ್ತು ಹಳೇ ಉದ್ಯೋಗ ಖಾತ್ರಿಯ ಜಾಗಕ್ಕೆ ‘ವಿಬಿ-ಜಿ ರಾಮ್ ಜಿ’ ಎಂಬ ಹೊಸ ಕಾಯ್ದೆ ತಂದಿತು. 100 ದಿನ ಇದ್ದದ್ದು 125 ದಿನ ಎಂದು ಡಂಗುರ ಹೊಡೆದರು. ಒಳಗೆ ನೋಡಿದರೆ ಖರ್ಚಿನ ನೂರರಲ್ಲಿ 40 ಪಾಲು ಕರ್ನಾಟಕದಂಥ ರಾಜ್ಯಗಳ ತಲೆಯ ಮೇಲೆ. ಸುಗ್ಗಿಯ ಕಾಲದಲ್ಲಿ ಒಟ್ಟು 60 ದಿನದ ತನಕ ಕೆಲಸ ನಿಲ್ಲಿಸಬಹುದು. ಅಂದರೆ ತೊಗರಿ ಕೊಯ್ಲಿನ ಹೊತ್ತಿಗೆ ಹೊಲದ ಮಾಲೀಕ ಹೇಳಿದ ಕೂಲಿಗೇ ಹೋಗಬೇಕು. ಬಯೋಮೆಟ್ರಿಕ್ ಮತ್ತು ಎಐ ಕಣ್ಗಾವಲನ್ನು ಕಾಯ್ದೆಯೊಳಗೇ ಬರೆದಿದ್ದಾರೆ. ಎಐ ಕೂಲಿ ಮಂದಿಗೆ ಏನೂ ಮಾಡುವುದಿಲ್ಲ ಅಂತ ಚಹದಂಗಡಿಯಲ್ಲಿ ನಕ್ಕೆವಲ್ಲ, ಪುಟ್ಟಿ ಹೊರಲು ಅದು ಬರಲಿಲ್ಲ, ಪುಟ್ಟಿ ಹೊರುವವರ ಮೇಲೆ ಕಾವಲು ಕೂಡಲು ಬಂತು.

ನಮ್ಮ ಬೇಡಿಕೆ ಉದ್ದದ್ದಲ್ಲ. ಫೋಟೋ ಹತ್ತದಿದ್ದರೆ, ಹೆಬ್ಬಟ್ಟು ಕೂಡದಿದ್ದರೆ, ಕಾಗದದ ಹಾಜರಿಯ ಮೇಲೆ ಕೂಲಿಯನ್ನೂ ಪುಸ್ತಕದ ರುಜುವಿನ ಮೇಲೆ ಅಕ್ಕಿಯನ್ನೂ ಅಂದೇ ಕೊಡಬೇಕು. ಮಷೀನಿನ ತಪ್ಪಿಗೆ ಮನುಷ್ಯ ದಂಡ ಕಟ್ಟಬಾರದು. ಐದೂ ಊರುಗಳ ಪುರಸಭೆ, ನಗರಸಭೆಗಳಲ್ಲಿ ಗುಂಡಿ ಎಳೆಯುವ ಮಷೀನು ಎಷ್ಟಿವೆ, ಅದರಲ್ಲಿ ನಡೆಯುವಂಥವು ಎಷ್ಟು, ಡ್ರೈವರು ಡೀಸೆಲು ಇವೆಯೇ ಎಂದು ಬಾಗಿಲ ಗೋಡೆಯ ಮೇಲೆ ಬರೆಯಬೇಕು. ಫರಸಿ ಖಣಿಗಳಲ್ಲಿ ಕಲ್ಲೆತ್ತುವ ಸಾಧನ, ಧೂಳು ಕೂಡಿಸುವ ನೀರು ಬರುವ ತನಕ ಕೂಲಿಗಳ ಮೇಲೆ ಕ್ಯಾಮೆರಾ ಬರಬಾರದು. ಪಂಚಾಯ್ತಿಯ ಅರಿವು ಕೇಂದ್ರಗಳ ಕಂಪ್ಯೂಟರು ರಾತ್ರಿಯೂ ತೆರೆದಿರಬೇಕು, ಹೊಲಗೇರಿ ಮಾದಿಗೇರಿಯ ಮಕ್ಕಳು ಮೊದಲು ಕೂಡಬೇಕು. ನಾಳೆ ಇಂಥ ಮಷೀನುಗಳನ್ನು ಮಾಡುವವರು ಅವರಾಗಬೇಕು.

ಮುಂದಿನ ಗ್ರಾಮಸಭೆಗೆ, ವಾರ್ಡು ಸಭೆಗೆ ಈ ಪತ್ರಿಕೆ ಹಿಡಿದು ಹೋಗಿ. ಡೇಟಾ ಸೆಂಟರು ಯಾರಿಗೆ ಹೋಯಿತು ಎಂಬ ಜಗಳ ಮಂತ್ರಿಗಳಿಗೆ ಬಿಡಿ. ‘ನಮ್ಮ ಊರಿನ ಗುಂಡಿಗೆ ಕೊನೆಗೆ ಮನುಷ್ಯ ಇಳಿದದ್ದು ಎಂದು? ಇಳಿಸಿದವರು ಯಾರು?’ ಎಂದು ಎದ್ದು ನಿಂತು ಕೇಳಿ. ಉತ್ತರವನ್ನು ಠರಾವಿನಲ್ಲಿ ಬರೆಸಿ, ಕೆಳಗೆ ರುಜು ಹಾಕಿ ಬನ್ನಿ.

ಜೈ ಭೀಮ್.