ಮೂತ್ರಪಿಂಡಗಳ ನೀರಿನ ಲೆಕ್ಕ
ಬೇಸಗೆ ಬಂದಿತೆಂದರೆ ಬಾಗಲಕೋಟೆ, ಬಾದಾಮಿ, ಹುನಗುಂದಗಳ ಮನೆಗಳಲ್ಲಿ ನೀರಿನ ಲೆಕ್ಕ ಆರಂಭವಾಗುವುದು. ಅದಕ್ಕಿಂತ ಬಿಗಿಯಾದ ಲೆಕ್ಕವನ್ನು ನಮ್ಮ ಮೂತ್ರಪಿಂಡಗಳು ಅನುದಿನವೂ ಇಡುವುವು. ಅವು ದಿನವೊಂದಕ್ಕೆ ರಕ್ತದಿಂದ ಸೋಸುವ ದ್ರವವು ಸುಮಾರು 180 ಲೀಟರು. ಹೊರಕ್ಕೆ ಹೋಗುವುದು ಒಂದೂವರೆ ಲೀಟರಿನಷ್ಟು ಮಾತ್ರ. ಉಳಿದುದನ್ನೆಲ್ಲ ಸೂಕ್ಷ್ಮ ನಾಳಗಳ ಒಳಮೈಗೆ ಹಾಸಿದ ಒಂದೇ ಪದರದ ಜೀವಕೋಶಗಳು ಹಿಂದಕ್ಕೆಳೆದುಕೊಳ್ಳುವುವು. ಶಾಸ್ತ್ರಜ್ಞರು ಇದನ್ನು ಅನುಲೇಪಕ ಅಂಗಾಂಶವೆನ್ನುವರು. ಇಂಥ ಪದರವು ಜರಡಿಯಂತೆ ಸುಮ್ಮನಿರದೆ ಸ್ವತಃ ದುಡಿಯುವುದೆಂಬುದನ್ನು ಕೋಪನ್‌ಹೇಗನ್ನಿನ ಉಸ್ಸಿಂಗ್, ಝೆರಾನ್ ಎಂಬವರು 1951ರಲ್ಲಿ ತೋರಿಸಿದ್ದು ಕಪ್ಪೆಯ ಚರ್ಮದಲ್ಲಿ! ಎರಡು ಕಡೆಯೂ ಒಂದೇ ಬಗೆಯ ಉಪ್ಪುನೀರಿದ್ದರೂ ಆ ಚರ್ಮವು ಸೋಡಿಯಮ್ಮನ್ನು ಒಳಕ್ಕೆ ಸಾಗಿಸುತ್ತಲೇ ಇದ್ದಿತು. ಮೂತ್ರಪಿಂಡದ ಕೋಶಗಳದೂ ಇದೇ ಕಸುಬು.

ಇಳಕಲ್ಲಿನ ಕುಣಿಮಗ್ಗದಲ್ಲಿ ಕುಳಿತವರಿಗೆ ನೀರಿಗಾಗಿ ಮೇಲೆ ಮೇಲೆ ಏಳುವುದು ಬೇಸರದ ಮಾತೇ ಸರಿ. ಆದರೆ ಬೆವರು ಸುರಿದು ನೀರು ಕುಗ್ಗಿದಾಗ ಈ ಕೋಶಗಳು ನೀರನ್ನುಳಿಸಿಕೊಂಡು ಮೂತ್ರವನ್ನು ಗಟ್ಟಿಗೊಳಿಸುವುವು. ಅದರಲ್ಲಿ ಹರಳು ಕಟ್ಟುವುದು ಸುಲಭ. ಬೆನ್ನುನೋವಿಗೆಂದು ವೈದ್ಯರನ್ನು ಕೇಳದೆ ದಿನವೂ ನುಂಗುವ ಗುಳಿಗೆಯಂತೂ ಮೂತ್ರಪಿಂಡಕ್ಕೆ ಬರುವ ರಕ್ತವನ್ನೇ ತಗ್ಗಿಸಬಲ್ಲುದು. ಬಹುಭಾಗ ಕೆಡುವವರೆಗೂ ಈ ಅಂಗವು ದೂರು ಹೇಳದೆಂಬುದನ್ನು ನಾವು ಒತ್ತಿ ಹೇಳುವೆವು. ಮಗ್ಗದ ಬಳಿ ಮನೆಯವರು ಒಂದು ತಂಬಿಗೆ ನೀರಿಡಲಿ. ಸಕ್ಕರೆ ಬೇನೆ, ರಕ್ತದೊತ್ತಡಗಳುಳ್ಳವರು ವರ್ಷಕ್ಕೊಮ್ಮೆ ರಕ್ತ, ಮೂತ್ರ ಪರೀಕ್ಷೆ ಮಾಡಿಸತಕ್ಕದ್ದು. ನೀರನ್ನು ಮಿತಗೊಳಿಸಲು ವೈದ್ಯರು ಹೇಳಿರುವವರು ಮಾತ್ರ ಅವರ ಮಾತಿನಂತೆಯೇ ನಡೆಯಬೇಕು.