ತುಕ್ಕಿಗೆ ರೊಕ್ಕ ಕೊಡಬ್ಯಾಡ್ರಿ

ನಾನು ಏಳನೇತ್ತೆ ಕಲಿತಾಂವ. ಒಕ್ಕಲುತನ ಮಾಡತೀನಿ, ಗೀಗೀ ಪದ ಹಾಡತೀನಿ. ಕತ್ತಿಯ ವಿಷಯ ಬರೀಲಿಕ್ಕೆ ಇವನಿಗೇನು ಅಧಿಕಾರ ಅಂತ ಗುರುಗಳು ಕೇಳಬಹುದು. ಮೋಸ ಹೋದವನ ಅಧಿಕಾರ, ಅಷ್ಟೇ.

ನಮ್ಮ ಊರ ವೀರಭದ್ರನ ಗುಡಿಯಾಗ ಪುರವಂತರು ಹಿಡಿಯುವ ಖಡ್ಗದ ಹಿಡಿ ಮುರಿದಿತ್ತು. ಪಂಚರು ನನ್ನನ್ನು ಸೊಲ್ಲಾಪುರಕ್ಕೆ ಕಳಿಸಿದರು. ಅಲ್ಲೊಬ್ಬ ಅಂಗಡಿಯವ ಹಳದಿ ಅರಿವಿಯಾಗ ಸುತ್ತಿದ ಕತ್ತಿ ತೆಗೆದು, "ಶಿವಾಜಿ ಮಹಾರಾಜರ ಕಾಲದ್ದು ನೋಡ್ರಿ ಕಾಕಾ" ಅಂದ. ಕೆಂಪಗೆ ತುಕ್ಕು ಹಿಡಿದಿತ್ತು. ತುಕ್ಕು ನೋಡಿ ನಂಬಿದೆ. 12 ಸಾವಿರ ಎಣಿಸಿ ಕೊಟ್ಟೆ. ನಮ್ಮ ಮುರುಕು ಖಡ್ಗ ಅವನೇ ಇಟ್ಟುಕೊಂಡು, ಗುಜರಿ ಲೆಕ್ಕದಾಗ 500 ಕಡಿಮೆ ಮಾಡಿದ.

ಊರಿಗೆ ಬಂದರೆ ಕಂಬಾರ ಅದನ್ನ ಕೈಯಾಗ ಹಿಡಿದು ನಕ್ಕುಬಿಟ್ಟ. "ಕಾಕಾ, ಇದು ಜೀಪಿನ ಪಾಟಾ. ಆಸಿಡ್ ಹಚ್ಚಿ ತುಕ್ಕು ಬರಿಸ್ಯಾರ."

ಅವತ್ತು ಅವನು ತೋರಿಸಿದ್ದು ಇಷ್ಟು. ಹಳೇ ಅಲಗು ಹಿಡಿಯ ಹತ್ತಿರ ದಪ್ಪ, ತುದಿಗೆ ಹೋದಂತೆ ತೆಳ್ಳಗೆ. ಹಿಡಿದರೆ ಕೈಗೆ ಹಗುರ. ನಕಲಿಯದು ಉದ್ದಕ್ಕೂ ಒಂದೇ ದಪ್ಪ, ಹಾರಿ ಹಿಡಿದಂಗ ಭಾರ. ಹಳೇದರ ಬಾಲವನ್ನು ಹಿಡಿಯೊಳಗೆ ಅರಗು ತುಂಬಿ ಕೂಡಿಸತಿದ್ದರು. ಈಗಿನದಕ್ಕೆ ವೆಲ್ಡಿಂಗ್. ಕಾಲದ ತುಕ್ಕು ಎಲ್ಲೋ ಆಳ, ಎಲ್ಲೋ ಇಲ್ಲ. ಆಸಿಡ್ ತುಕ್ಕು ಸುಣ್ಣ ಬಳಿದಂಗ ಎಲ್ಲಾ ಕಡೆ ಸಮ. ಪರದೇಶಿ ಅಕ್ಷರ ಇದ್ದರೆ ಅಸಲಿ ಅಂತ ಕೆಲವರು ನಂಬತಾರ. ಯುರೋಪಿನ ಅಲಗಿಗೆ ನಮ್ಮ ಹಿಡಿ ಹಾಕಿದ 'ಫಿರಂಗಿ' ಕತ್ತಿ ಇದ್ದದ್ದು ಖರೆ. ಆದರೆ ಆ ಅಕ್ಷರದ ಠಸ್ಸೆ ಹೊಡೆಯಲಿಕ್ಕೆ ಎಷ್ಟು ಹೊತ್ತು ಬೇಕು?

ನಮ್ಮ ಶಾಲೆಯ ಗುರುಗಳೊಬ್ಬರು, "ದೇವರ ಮುಂದ ಕುಣಿಯಲಿಕ್ಕೆ ಹೊಸದಾದರೇನು, ಹಳೇದಾದರೇನು?" ಅಂತಾರ. ಒಪ್ಪಿದೆ ಗುರುಗಳೇ, ಹೊಸದರ ಮ್ಯಾಲೆ ನನಗೆ ಸಿಟ್ಟಿಲ್ಲ. ಹೊಸದು ಬೇಕಾದರೆ ನಮ್ಮ ಕಂಬಾರನಿಗೆ ಹೇಳೋಣ, ಅವನ ಮನಿಯಾಗೂ ಒಲಿ ಉರೀತದ. ಹೊಸದನ್ನು ಹಳೇದಂತ ಮಾರಿ, ಹಳೇದನ್ನು ಗುಜರಿ ಅಂತ ಕೊಂಡನಲ್ಲ, ನನ್ನ ಜಗಳ ಅದಕ್ಕೆ.

2024ರಾಗ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ವಸ್ತುಸಂಗ್ರಹಾಲಯದಿಂದ ವ್ಯಾಘ್ರನಖ ಸಾತಾರೆಗೆ ಬಂತು. ಅಫ್ಜಲಖಾನನ ಮ್ಯಾಲೆ ಮಹಾರಾಜರು ಬಳಸಿದ್ದು ಇದೇ ಅಂತ ಖಾತ್ರಿ ಮಾಡಲಿಕ್ಕೆ ಆಗಿಲ್ಲ ಅಂತ ಆ ಸಂಗ್ರಹಾಲಯದವರೇ ಹೇಳ್ಯಾರ. ಅಷ್ಟು ಓದಿದವರು ಆಣೆ ಮಾಡಲಿಲ್ಲ. ನಮ್ಮ ಅಂಗಡಿಯವ ಮಾತ್ರ ಮಕ್ಕಳ ಮ್ಯಾಲೆ ಆಣೆ ಮಾಡಿದ!

ಕೊಳ್ಳುವ ಮೊದಲು ಅಕ್ಕಲಕೋಟೆಗೆ ಹೋಗ್ರಿ. ಸ್ವಾಮಿ ಸಮರ್ಥರ ದರ್ಶನ ಮಾಡಿ, ಅನ್ನಛತ್ರದಾಗ ಉಂಡು ಎಲ್ಲರೂ ತಿರುಗಿ ಬರತಾರ. ಅಲ್ಲೇ ಹೊಸ ಅರಮನೆಯಾಗ ಭೋಸಲೆ ಮನೆತನದ ಶಸ್ತ್ರಾಗಾರ ಅದ. ಗುರುಗಳು ಹುಡುಗರನ್ನು ಒಯ್ದು ತೋರಿಸಬೇಕು. ಖರೇದನ್ನ ನೋಡಿದ ಕಣ್ಣಿಗೆ ಸುಳ್ಳು ಬೇಗ ಸಿಗತದ.

ಇನ್ನೊಂದು ಮಾತು. 1972ರ ಕಾಯ್ದೆ ಪ್ರಕಾರ ನೂರು ವರ್ಷ ದಾಟಿದ ಇಂಥ ವಸ್ತು ಪುರಾತನ ಅನಿಸಿಕೊಳ್ಳತದ. ಅದರ ವ್ಯಾಪಾರಕ್ಕೆ ಲೈಸೆನ್ಸ್ ಬೇಕು. ಹಳೇದು ಅಂದವನಿಗೆ, "ಲೈಸೆನ್ಸ್ ತೋರಿಸು, ವಯಸ್ಸು ರಸೀದಿ ಮ್ಯಾಲೆ ಬರೆದು ಕೊಡು" ಅನ್ರಿ. ನಾನು ಎರಡನೇ ಸಲ ಹೋಗಿ ಕೇಳಿದಾಗ ಅವನ ಪೆನ್ನಿನಾಗ ಮಸಿ ಇರಲಿಲ್ಲ.

ನಮ್ಮ ಮುರುಕು ಖಡ್ಗ ತಿರುಗಿ ಕೊಡು ಅಂದೆ. ಅದು ಮೂರನೇ ದಿನಕ್ಕೇ ಹೋಯ್ತು ಅಂದ. ಎಷ್ಟಕ್ಕೆ ಅಂತ ಹೇಳಲಿಲ್ಲ.